ಜೆ ಎಂಬ ಸ್ಥಿರಾಂಕ

ಆರು ಪುಟ. ಎರಡು ಕಾಲಂ. ಹತ್ತು ಪಾಯಿಂಟಿನ ಅಕ್ಷರ.
ಅದರೊಳಗೆ ಹಿಡಿಸಬೇಕು
ಹಾಸನದ ಒಂದು ಕೋಲ್ಡ್ ಸ್ಟೋರೇಜು,
ನಾಲ್ಕು ಸಾವಿರ ಮೂಟೆ ಆಲೂಗೆಡ್ಡೆ,
ನಮ್ಮ ಏಳು ತಿಂಗಳು.

"ನಾವು" ಅಂತ ಬರೀಬೇಡಿ, ಅಂದರು ರೇಣುಕಾರಾಧ್ಯ ಸರ್,
ಪೇಪರಿನಲ್ಲಿ ಯಾರೂ ಇರಬಾರದು.
ಬರೆಯುವುದು ಇಂಗ್ಲಿಷು. ಆದರೂ ನನ್ನ ತಲೆಯೊಳಗೆ
ಏಳನೇ ಕ್ಲಾಸಿನ ವಿಜ್ಞಾನದ ನೋಟ್ಸಿನ ಹಾಗೆ
ಕೇಳುತ್ತಲೇ ಇತ್ತು:
ಅಳೆಯಲಾಯಿತು, ದಾಖಲಿಸಲಾಯಿತು, ಗಮನಿಸಲಾಯಿತು.
ತಬ್ರೇಜನ ಬೆಸುಗೆ ಸುಟ್ಟ ಹೆಬ್ಬೆರಳು ಹೋಯಿತು,
ಡೈರಿ ಸರ್ಕಲ್ಲಿನಲ್ಲಿ ತಪ್ಪಿದ ಕೊನೆಯ ಬಸ್ಸು ಹೋಯಿತು,
ಎರಡು ಸ್ವೆಟರಿನೊಳಗೂ ನಡುಗುತ್ತ
ರೀಡಿಂಗ್ ಕೂಗಿ ಹೇಳುತ್ತಿದ್ದ ನಾನು
ಒಂದು "ಲಾಯಿತು"ವಿನ ಬಾಲದಲ್ಲಿ ಕರಗಿಹೋದೆ.

ಯಂತ್ರ ಚಿಕ್ಕದು, ಟಿಫಿನ್ ಡಬ್ಬಿಯಷ್ಟು.
ಮೂಟೆಗಳ ಸಂದಿಯಲ್ಲಿಟ್ಟರೆ ಗಾಳಿ ಮೂಸುತ್ತದೆ,
ಕೊಳೆ ಶುರುವಾದರೆ ಕೆಂಪು ದೀಪ.
ಎಷ್ಟಕ್ಕೆ ಕೆಂಪು?
ಯಾವುದು ಕೊಳೆತದ್ದು, ಯಾವುದು ನೆಟ್ಟಗಿದ್ದದ್ದು
ಮೊದಲು ಯಾರಾದರೂ ಅದಕ್ಕೆ ಹೇಳಿಕೊಡಬೇಕಲ್ಲ.
ಹೇಳಿಕೊಟ್ಟವನು ಹಮಾಲಿ ಜವರಯ್ಯ.

ಟವೆಲ್ಲು ಹೆಗಲಿಗೆಸೆದು
ಮೂಟೆಯ ಹೊಲಿಗೆಗೆ ಮೂಗಿಟ್ಟು:
"ಇದು ಹೋಯ್ತು. ಇದು ಇನ್ನಾ ನಾಕ್ ದಿನ. ಇದು ಗಟ್ಟಿ ಐತೆ."
ಬಿಚ್ಚಿ, ಸುರಿದು, ಆರಿಸಿ ನೋಡಿದೆವು, ಇನ್ನೂರ ಹತ್ತು ಮೂಟೆ.
ಅವನು ತಪ್ಪಿದ್ದು ಮೂರು.
ನಮ್ಮ ಡಬ್ಬಿ ತಪ್ಪಿದ್ದು ಹತ್ತೊಂಬತ್ತು.
ಸಾರಾಂಶದಲ್ಲಿ ಬರೆದೆವು: ನಿಖರತೆ ಶೇಕಡ ತೊಂಬತ್ತೊಂದು.
ಆ ಮೂರರ ಸುದ್ದಿ ಯಾವ ಕೋಷ್ಟಕದಲ್ಲೂ ಇಲ್ಲ.

"ಕೊಳೆತ ವಾಸನೆ ಹೇಗಿರುತ್ತೆ?" ಅಂತ ಕೇಳಿದ್ದೆ.
"ಕೊಳ್ತ್ ಮ್ಯಾಲೆ ನಾಯಿಗೂ ಗೊತ್ತಾಯ್ತದೆ ಕಣವ್ವ.
ಅದ್ಕೂ ಮುಂಚೆ ಒಂಥರಾ ಸೀ ಬತ್ತದೆ,
ಬಾಣಂತಿ ಕೋಣೆ ಬಾಗ್ಲು ತಗ್ದಂಗೆ."
ನಾನು ಅದನ್ನು ಪಿಪಿಎಮ್ಮಿಗೆ ಇಳಿಸಿದೆ.
ಬಾಣಂತಿ ಕೋಣೆ: ನಲವತ್ತೆರಡು.

ಇಪ್ಪತ್ತು ಉಲ್ಲೇಖ ಬೇಕಿತ್ತು. ಸಿಕ್ಕವು.
ಓದದೇ ಸೇರಿಸಿದ್ದು ಆರು,
ಅದರಲ್ಲೊಂದು ಟೊಮೇಟೊದ್ದು.
ಮೂಗನ್ನು ಉಲ್ಲೇಖಿಸುವ ಕ್ರಮ
ಕೈಪಿಡಿಯಲ್ಲಿ ಹುಡುಕಿದೆ, ಇರಲಿಲ್ಲ.
ಲೇಖಕರ ಸಾಲಿನಲ್ಲಿ ಮೊದಲು ಸರ್,
ಆಮೇಲೆ ಡಬ್ಬಿಯನ್ನು ಫೋಟೋದಲ್ಲಷ್ಟೇ ಕಂಡ ಎಚ್ಓಡಿ,
ಆಮೇಲೆ ನಾವು.
ಕೊನೆಗೆ ಕೃತಜ್ಞತೆ ಅಂತ ಎರಡು ಸಾಲು ಬರೆದೆ.
ಏಳನೇ ಪುಟಕ್ಕೆ ಉಕ್ಕಿತು ಪೇಪರು.
"ಅದನ್ನ ತೆಗಿಯಮ್ಮ" ಅಂದರು ಸರ್, ಕೆಟ್ಟ ಮನಸ್ಸಿನಿಂದೇನಲ್ಲ.
ತೆಗೆದೆ.

ಅವತ್ತು ರಾತ್ರಿ ಎರಡು ಗಂಟೆ, ಸಾಲಗಾಮೆ ರಸ್ತೆಯ ಪೀಜಿ.
ಧನ್ಯಶ್ರೀ ಲ್ಯಾಪ್‌ಟಾಪಿನ ಮೇಲೇ ನಿದ್ದೆ.
ನಾಲ್ಕನೇ ಸಮೀಕರಣದಲ್ಲಿ
ಎಲ್ಲರೂ ತೀಟಾ ಹಾಕುವ ಜಾಗದಲ್ಲಿ
ನಾನು ಜೆ ಹಾಕಿದೆ.
ಒಂದೇ ಅಕ್ಷರ, ಓರೆಯಾಗಿ.
ಸರ್ ಏನೂ ಕೇಳಲಿಲ್ಲ.
ಸಮೀಕರಣವನ್ನೆಲ್ಲ ಯಾರು ಓದುತ್ತಾರೆ?

ಮೇ ತಿಂಗಳಲ್ಲಿ ವಿಮರ್ಶೆ ಬಂತು.
ಮೊದಲನೆಯವರು ಅಲ್ಪವಿರಾಮ ಸರಿಮಾಡಿ ಅಂದಿದ್ದರು.
ಎರಡನೆಯವರು ಓದಿದ್ದರು.
"ಜೆ ಏನೆಂದು ವಿವರಿಸಿಲ್ಲ. ಈ ಬೆಲೆ ಎಲ್ಲಿಂದ ಬಂತು?"

ಎಲ್ಲಿಂದ ಬಂತು.
"ನಿರ್ಧರಿಸಲಾಯಿತು" ಎಂದು ಬರೆದು ಅಳಿಸಿದೆ.
"ಅನುಭವಿ ವ್ಯಕ್ತಿಯಿಂದ" ಎಂದು ಬರೆದು ಅದನ್ನೂ ಅಳಿಸಿದೆ.
ಕರ್ಸರು ಮಿಣುಕುತ್ತಿತ್ತು, ಯಂತ್ರದ ದೀಪದ ಹಾಗೆ,
ಆದರೆ ಬಣ್ಣವಿಲ್ಲದೆ.

ಬೆಳಿಗ್ಗೆ ಎಪಿಎಂಸಿ ಯಾರ್ಡಿಗೆ ಹೋದೆ.
ಜಲಂಧರದ ಬಿತ್ತನೆ ಗೆಡ್ಡೆಯ ಲಾರಿಗಳು, ಸಾಲಾಗಿ.
ಐವತ್ತು ಕೇಜಿ ಬೆನ್ನಿಗೇರಿಸಿ ಬಗ್ಗಿ ಬರುತ್ತಿದ್ದ.
ಜೊತೆಜೊತೆಗೇ ಓಡುತ್ತ ಕೇಳಿದೆ:
ಜವರಯ್ಯ, ನಿಮ್ಮ ಪೂರ್ತಿ ಹೆಸರು ಬೇಕು,
ಇನಿಷಿಯಲ್ ಸಮೇತ.

ಮೂಟೆಯ ಕೆಳಗಿಂದಲೇ ಅಂದ:
"ಯಾಕವ್ವಾ? ರೇಷನ್ ಕಾರ್ಡಿಗಾ?"